ಅರ್ಥ್‌ಬೌಂಡ್‌ನ ದೊಡ್ಡ ಪೆಟ್ಟಿಗೆ: ಸಂಗ್ರಹಕಾರನೊಬ್ಬನ ವಿಮರ್ಶೆ

ಅರ್ಥ್‌ಬೌಂಡ್ ಎಂಬ ಹಳೆಯ ವಿಡಿಯೊ ಆಟದ ಕಾರ್ಟ್ರಿಡ್ಜನ್ನು ಸೂಪರ್ ನಿಂಟೆಂಡೊ ಯಂತ್ರಕ್ಕೆ ಸಿಕ್ಕಿಸಿ ಗುಂಡಿ ತಳ್ಳಿದಾಗ ತೆರೆಯ ಮೇಲೆ ಬಂದದ್ದು ಬೇರೆ ಯಾರದೋ ಆಟ. ಆಡಿದಷ್ಟನ್ನು ಉಳಿಸಿಡಲು ಇದ್ದ ಮೂರು ಸೇವ್ ಜಾಗಗಳಲ್ಲಿ ಎರಡು ಖಾಲಿಯಾಗಿದ್ದವು; ಮೊದಲನೆಯದರಲ್ಲಿ ಮಾತ್ರ ಒಂದು ಹುಡುಗನ ಹೆಸರು, ಅದರ ಪಕ್ಕದಲ್ಲಿ ಅವನು ತಲುಪಿದ್ದ ಲೆವೆಲ್ 61 ಎಂದು ಕಾಣುತ್ತಿತ್ತು. ಹಿಂದಿನ ಒಡೆಯ ಇಷ್ಟು ದೂರ ಬಂದು, ಬಹುಶಃ ಕೊನೆಯ ಯುದ್ಧಕ್ಕೆ ಸ್ವಲ್ಪ ಮೊದಲು, ಆಟವನ್ನು ನಿಲ್ಲಿಸಿ ಹೋಗಿದ್ದಾನೆ, ಮತ್ತು ಅವನ ಆ ಸಂಜೆಯನ್ನು ನಾಣ್ಯದಷ್ಟು ಗಾತ್ರದ ಬ್ಯಾಟರಿಯೊಂದು ಈವರೆಗೆ ಹಿಡಿದಿಟ್ಟುಕೊಂಡಿದೆ. ಹಳೆಯ ವಿಡಿಯೊ ಕ್ಯಾಸೆಟ್ ಮತ್ತು ಸಿನಿಮಾ ತುಂಬಿದ ದೊಡ್ಡ ತಟ್ಟೆಗಳಾದ ಲೇಸರ್‌ಡಿಸ್ಕ್‌ಗಳನ್ನು ಬಹಳ ಕಾಲದಿಂದ ಕೂಡಿಡುತ್ತ ಬಂದಿರುವ ನನಗೆ ಇಂಥ ಅನುಭವ ಹೊಸದು. ಕ್ಯಾಸೆಟ್ಟಿನಲ್ಲಿ ಹೆಚ್ಚೆಂದರೆ ಹಿಂದಿನ ಒಡೆಯ ಪದೇ ಪದೇ ನೋಡಿದ ದೃಶ್ಯದ ಬಳಿ ಟೇಪು ಸವೆದಿರುವುದು ಕಾಣಬಹುದು, ಅಷ್ಟೆ.

ವಿಮರ್ಶೆಗೆ ತೆಗೆದುಕೊಂಡಿರುವುದು ಅರ್ಥ್‌ಬೌಂಡ್‌ನ ಉತ್ತರ ಅಮೆರಿಕದ ಆವೃತ್ತಿ, 1995ರ ಜೂನ್ ತಿಂಗಳಲ್ಲಿ ಬಂದದ್ದು. ಜಪಾನಿನಲ್ಲಿ ಇದೇ ಆಟ 1994ರ ಆಗಸ್ಟ್‌ನಲ್ಲಿ ಮದರ್ 2 ಎಂಬ ಹೆಸರಿನಲ್ಲಿ ಬಂದಿತ್ತು. ಅದನ್ನು ಕಲ್ಪಿಸಿ ಬರೆದವರು ಶಿಗೆಸಾತೊ ಇತೊಯ್. ಸೂಪರ್ ನಿಂಟೆಂಡೊ ಕಾಲದ ಮಾಮೂಲು ಆಟಗಳ ಪೆಟ್ಟಿಗೆಗಿಂತ ಇದರ ಪೆಟ್ಟಿಗೆ ಬಹಳ ದೊಡ್ಡದು, ಏಕೆಂದರೆ ಬೇರೆ ಆಟಗಳಿಗೆ ಪ್ರತ್ಯೇಕವಾಗಿ ಮಾರುತ್ತಿದ್ದಂಥ ಪೂರ್ಣ ಪ್ರಮಾಣದ ಮಾರ್ಗದರ್ಶಿ ಪುಸ್ತಕವನ್ನು ಇಲ್ಲಿ ಪೆಟ್ಟಿಗೆಯೊಳಗೇ ಇಟ್ಟು ಕೊಟ್ಟಿದ್ದರು.

ಈ ಪುಸ್ತಕದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಸಾಮಾನ್ಯವಾಗಿ ಇಂಥ ಪುಸ್ತಕಗಳು ಯಾವ ಗುಹೆಯಲ್ಲಿ ಯಾವ ಪೆಟಾರಿ ಇದೆ ಎಂದು ತಿಳಿಸಿ ಸುಮ್ಮನಾಗುತ್ತವೆ. ಇದಾದರೋ ಪ್ರವಾಸಿಗರ ಕೈಪಿಡಿಯ ವೇಷ ತೊಟ್ಟಿದೆ: ಒಂದೊಂದು ಊರಿಗೂ ಅಲ್ಲಿನ ಅಂಗಡಿಗಳ ಪರಿಚಯ, ನಕ್ಷೆ, ಸ್ಥಳೀಯ ಪತ್ರಿಕೆಯ ತುಣುಕು, ಜೊತೆಗೆ ಮಣ್ಣಿನ ಬೊಂಬೆಗಳಂತೆ ರೂಪಿಸಿ ಛಾಯಾಚಿತ್ರ ತೆಗೆದ ಪಾತ್ರಗಳು. ಕೊನೆಯಲ್ಲಿ ಕೆರೆದು ಮೂಸುವ ಕಾರ್ಡುಗಳಿವೆ. ಆಟದ ಜಾಹೀರಾತೇ ದುರ್ನಾತವನ್ನು ತಮಾಷೆಯ ವಸ್ತುವಾಗಿ ಮಾಡಿಕೊಂಡಿತ್ತು, ಕಾರ್ಡುಗಳು ಅದರ ಮುಂದುವರಿಕೆ. ನನಗೆ ಬಂದ ಪ್ರತಿಯಲ್ಲಿ ಆ ಕಾರ್ಡುಗಳಿರಲಿಲ್ಲ, ಹರಿದು ತೆಗೆದ ಅಂಚು ಮಾತ್ರ ಉಳಿದಿತ್ತು. ಮಾರಿದವರು ತೋರಿಸಿದ್ದ ಚಿತ್ರದಲ್ಲಿ ಕಾರ್ಡುಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಕೇಳಿದಾಗ ಅದು ಮಾದರಿ ಚಿತ್ರ ಎಂಬ ಉತ್ತರ ಬಂತು. ಸಾಲದ್ದಕ್ಕೆ, ಒಳಗೆ ಮೆತ್ತನೆಯ ಏನನ್ನೂ ಇಡದೆ ತೆಳ್ಳನೆಯ ಲಕೋಟೆಯಲ್ಲಿ ಕಳಿಸಿದ್ದರಿಂದ ರಟ್ಟಿನ ಪೆಟ್ಟಿಗೆಯ ಒಂದು ಮೂಲೆ ಜಜ್ಜಿಹೋಗಿತ್ತು. ಹೀಗಾಗಿ ನಾನು ಕಲಿತದ್ದಿಷ್ಟು: ಪುಸ್ತಕದ ಕೊನೆಯ ಪುಟಗಳ ಚಿತ್ರವನ್ನು, ಅದೂ ಅದೇ ಪ್ರತಿಯದ್ದನ್ನು, ಕೇಳಿ ಪಡೆಯದೆ ಹಣ ಕೊಡಬಾರದು.

ಪುಸ್ತಕವನ್ನು ಬಿಟ್ಟು ಕಾರ್ಟ್ರಿಡ್ಜನ್ನಷ್ಟೇ ಕೊಂಡರೆ ಆಗದೇ ಎಂದು ಕೇಳುವವರಿಗೆ ಲೇಸರ್‌ಡಿಸ್ಕಿನ ಉದಾಹರಣೆ ಕೊಡುತ್ತೇನೆ. 1984ರಲ್ಲಿ, ಸಿನಿಮಾಗಳನ್ನು ಡಿಸ್ಕಿನಲ್ಲಿ ಹೊರತರುವ ಕ್ರೈಟೀರಿಯನ್ ಸಂಸ್ಥೆ ಕಿಂಗ್ ಕಾಂಗ್ ಚಿತ್ರದ ಡಿಸ್ಕಿನಲ್ಲಿ, ಹೆಚ್ಚುವರಿ ಧ್ವನಿ ಜಾಡಿನ ಮೇಲೆ, ಚಿತ್ರದ ಜೊತೆಜೊತೆಗೇ ಓಡುವ ವ್ಯಾಖ್ಯಾನವೊಂದನ್ನು ಸೇರಿಸಿತು. ಚಿತ್ರ ಅದೇ, ಆದರೆ ಆ ಡಿಸ್ಕನ್ನು ಕೊಂಡವರು ಅದನ್ನು ನೋಡುವ ರೀತಿಯೇ ಬದಲಾಯಿತು. ಅಂಥ ಡಿಸ್ಕಿನಲ್ಲಿ ವ್ಯಾಖ್ಯಾನಕ್ಕೆ ಇರುವ ಸ್ಥಾನವೇ ಅರ್ಥ್‌ಬೌಂಡ್‌ನಲ್ಲಿ ಈ ಪುಸ್ತಕಕ್ಕೆ ಇದೆ. ತೊಡೆಯ ಮೇಲೆ ಪುಸ್ತಕ ತೆರೆದಿಟ್ಟುಕೊಂಡು, ಮುಂದಿನ ಊರಿನ ಪತ್ರಿಕೆಯನ್ನು ಓದಿ, ಆಮೇಲೆ ಆ ಊರಿನೊಳಗೆ ಕಾಲಿಡುವಂತೆ ಈ ಆವೃತ್ತಿಯನ್ನು ರೂಪಿಸಲಾಗಿದೆ.

ಇನ್ನು ಆಟದ ವಿಷಯ. ಕತ್ತಿ ಕುದುರೆಗಳ ಲೋಕವನ್ನು ಬಿಟ್ಟು ಟೋಪಿ ಹಾಕಿದ ಹುಡುಗನೊಬ್ಬನನ್ನು ಬೇಸ್‌ಬಾಲ್ ದಾಂಡಿನೊಂದಿಗೆ ಬೀದಿಗೆ ಕಳಿಸುವ ಈ ಆಟ, ಹೊರನೋಟಕ್ಕೆ ಮಕ್ಕಳಾಟದಂತೆ ಕಂಡರೂ, ಆ ಕಾಲದ ರೋಲ್ ಪ್ಲೇಯಿಂಗ್ ಆಟಗಳ, ಅಂದರೆ ಪಾತ್ರವೊಂದನ್ನು ಬೆಳೆಸುತ್ತ ಕತೆಯಲ್ಲಿ ಸಾಗುವ ಆಟಗಳ, ಹಲವು ಕಿರಿಕಿರಿಗಳನ್ನು ಮೊದಲೇ ಯೋಚಿಸಿ ನಿವಾರಿಸಿಕೊಂಡಿದೆ. ಶತ್ರುಗಳು ಕಣ್ಣಿಗೆ ಕಾಣುವಂತೆ ಓಡಾಡುತ್ತಿರುತ್ತವೆ. ನಾವು ಬಲವಾಗಿ ಬೆಳೆದಿದ್ದರೆ ಅವೇ ನಮ್ಮನ್ನು ಕಂಡು ಓಡುತ್ತವೆ, ತೀರ ದುರ್ಬಲವಾದವು ಮುಟ್ಟಿದೊಡನೆ, ಯುದ್ಧದ ತೆರೆಯೂ ಬಾರದೆ, ಸೋಲೊಪ್ಪುತ್ತವೆ. ಆದರೆ ಇದರ ನಿಜವಾದ ಜಾಣ್ಮೆ ಇರುವುದು ಪ್ರಾಣಬಲವನ್ನು ತೋರಿಸುವ ಅಂಕಿಗಳಲ್ಲಿ. ಏಟು ಬಿದ್ದಾಗ ಆ ಅಂಕಿ ಒಂದೇ ಸಲಕ್ಕೆ ಇಳಿಯುವುದಿಲ್ಲ. ಹಳೆಯ ಕಾರಿನ ಮೈಲಿ ಎಣಿಸುವ ಚಕ್ರಗಳಂತೆ ಒಂದೊಂದಾಗಿ ಉರುಳುತ್ತ ಇಳಿಯುತ್ತದೆ. ಪ್ರಾಣ ತೆಗೆಯುವಂಥ ಏಟು ಬಿದ್ದ ಮೇಲೂ, ಚಕ್ರ ಸೊನ್ನೆಗೆ ಬಂದು ನಿಲ್ಲುವುದರೊಳಗೆ ಶತ್ರುವನ್ನು ಕೆಡವಿದರೆ ಅಥವಾ ಔಷಧ ಹಾಕಿದರೆ ಹುಡುಗ ಬದುಕುತ್ತಾನೆ. ಸರದಿಯ ಪ್ರಕಾರ ಸಾಗುವ ಯುದ್ಧದಲ್ಲಿ, ಕೂತು ಯೋಚಿಸುವವನ ಬೆರಳೂ ನಡುಗುವಂತೆ ಮಾಡುವ ಉಪಾಯ ಇದು. ಮೊನ್ನೆ ನನ್ನ ಹುಡುಗ ಕೊನೆಯ ಎರಡು ಅಂಕಿಗಳಲ್ಲಿ ಉಳಿದುಕೊಂಡಾಗ ನಾನು ಅರಿವಿಲ್ಲದೆಯೇ ಎದ್ದು ನಿಂತಿದ್ದೆ.

ದೋಷಗಳೂ ಸಾಕಷ್ಟಿವೆ. ಒಬ್ಬೊಬ್ಬರ ಚೀಲದಲ್ಲಿ 14 ವಸ್ತುಗಳಿಗೆ ಮಾತ್ರ ಜಾಗ. ತೊಟ್ಟ ಬಳೆ ಟೋಪಿಗಳೂ ಅದೇ ಲೆಕ್ಕಕ್ಕೆ ಸೇರುವುದರಿಂದ ಆಟದ ಒಂದು ದೊಡ್ಡ ಪಾಲು ಏನನ್ನು ಎಸೆಯಬೇಕೆಂಬ ಚಿಂತೆಯಲ್ಲೇ ಕಳೆಯುತ್ತದೆ. ಮೆನುವಿನಲ್ಲಿ ಮಾತಾಡುವುದಕ್ಕೆ ಒಂದು ಆಜ್ಞೆ, ಪರೀಕ್ಷಿಸುವುದಕ್ಕೆ ಇನ್ನೊಂದು; ಎರಡನ್ನೂ ಎಲ್ ಗುಂಡಿಯೊಂದೇ ಮಾಡುತ್ತದೆ ಎಂದು ತಿಳಿಯುವವರೆಗೆ ತಾಳ್ಮೆ ಬೇಕು.

ಕೊಳ್ಳುವವರಿಗೆ ಎಲ್ಲಕ್ಕಿಂತ ದೊಡ್ಡ ಅಪಾಯ ನಕಲಿ ಪ್ರತಿಗಳದ್ದು, ಮತ್ತು ಈ ಆಟದಲ್ಲಿ ಆ ಅಪಾಯಕ್ಕೆ ವಿಚಿತ್ರವಾದ ಇತಿಹಾಸವಿದೆ. ನಕಲಿಯನ್ನು ಪತ್ತೆಮಾಡಲು, ಸೇವ್ ಇಡುವ ಸ್ಮೃತಿಯ ಗಾತ್ರ ತನ್ನ ಕಾರ್ಟ್ರಿಡ್ಜಿನಲ್ಲಿ ಇರಬೇಕಾದಷ್ಟೇ, ಅಂದರೆ 8 ಕಿಲೋಬೈಟ್, ಇದೆಯೇ ಎಂದು ಆಟ ತಾನೇ ಪರೀಕ್ಷಿಸಿಕೊಳ್ಳುತ್ತದೆ. ಹೊಂದದಿದ್ದರೆ ಮೊದಲು ಎಚ್ಚರಿಕೆಯ ತೆರೆ ಬರುತ್ತದೆ. ಅದನ್ನು ಯಾರಾದರೂ ಕಿತ್ತುಹಾಕಿದ್ದರೆ ದಾರಿಯಲ್ಲಿ ಶತ್ರುಗಳ ಸಂಖ್ಯೆ ವಿಪರೀತ ಹೆಚ್ಚುತ್ತದೆ. ಆ ಕಾಟವನ್ನೂ ಸಹಿಸಿ ಕೊನೆಯವರೆಗೆ ಬಂದವನ ಮುಂದೆ ಅಂತಿಮ ಯುದ್ಧದ ನಡುವೆ ಆಟ ಸ್ತಬ್ಧವಾಗಿ, ಯಂತ್ರವನ್ನು ಮತ್ತೆ ಹಚ್ಚಿದಾಗ ಸೇವ್‌ಗಳೆಲ್ಲ ಅಳಿಸಿಹೋಗಿರುತ್ತವೆ. ಇಂದಿನ ನಕಲಿಗಾರರು ಇದನ್ನೆಲ್ಲ ದಾಟಲು ಕಲಿತಿರುವುದರಿಂದ ಆಟ ಸರಿಯಾಗಿ ಓಡಿತು ಎಂಬುದೇ ಅಸಲಿಗೆ ಸಾಕ್ಷಿಯಾಗದು. ನಾನು ಮುಂಬದಿಯ ಚೀಟಿಯನ್ನು ದೀಪಕ್ಕೆ ಓರೆಯಾಗಿ ಹಿಡಿದು, ಕಾರ್ಖಾನೆಯಲ್ಲಿ ಒತ್ತಿದ ಮಸುಕಾದ ಎರಡು ಅಂಕಿಗಳನ್ನು ಹುಡುಕಿದೆ, ನಂತರ 3.8 ಮಿಲಿಮೀಟರಿನ ವಿಶೇಷ ತಿರುಪುಳಿಯಿಂದ ಕವಚ ಬಿಚ್ಚಿ, ಹಸಿರು ಹಲಗೆಯ ಮೇಲೆ ನಿಂಟೆಂಡೊ ಹೆಸರು ಅಚ್ಚಾಗಿರುವುದನ್ನು ನೋಡಿದೆ. ಆ ಮಟ್ಟಿಗೆ ಮಾರಿದವರು ಮೋಸ ಮಾಡಿರಲಿಲ್ಲ.

ಕವಚ ಬಿಚ್ಚಿದಾಗಲೇ ಬ್ಯಾಟರಿಯ ಪ್ರಶ್ನೆ ಎದುರಾಯಿತು. ಸಿಆರ್ 2032 ಎಂಬ 3 ವೋಲ್ಟಿನ ಬಿಲ್ಲೆ ಅದು, ಹಲಗೆಗೆ ಬೆಸೆದಿರುತ್ತದೆ. ಅದು ಸತ್ತರೆ ಆಟ ಓಡುತ್ತದೆ, ಆದರೆ ಸೇವ್ ನಿಲ್ಲುವುದಿಲ್ಲ. ಹತ್ತಾರು ಗಂಟೆ ಆಡಬೇಕಾದ ಆಟಕ್ಕೆ ಅದು ಸಾವೇ ಸರಿ. ಬದಲಿಸಲು ಬಿಚ್ಚಿದರೆ ಇರುವ ಸೇವ್ ಹೋಗುತ್ತದೆ. ಲೇಸರ್‌ಡಿಸ್ಕ್‌ಗಳಿಗೆ ಹತ್ತುವ ಕೊಳೆತ, ಅಂದರೆ ಒಳಗಿನ ಅಲ್ಯೂಮಿನಿಯಂ ಪದರ ಕೆಟ್ಟು ತೆರೆಯ ಮೇಲೆ ಚುಕ್ಕೆಗಳ ಮಳೆ ಸುರಿಯುವ ಕಾಯಿಲೆ, ಒಮ್ಮೆ ಬಂದರೆ ವಾಸಿಯಾಗುವುದಿಲ್ಲ; ಅದಕ್ಕೆ ಹೋಲಿಸಿದರೆ ಕಾರ್ಟ್ರಿಡ್ಜಿನ ಕಾಯಿಲೆಗೆ ಮದ್ದಿದೆ. ಕಾರ್ಟ್ರಿಡ್ಜ್ ಓದುವ ಸಣ್ಣ ಉಪಕರಣವೊಂದರಿಂದ ಆ ಅಪರಿಚಿತ ಹುಡುಗನ ಸೇವನ್ನು ಮೊದಲು ಕಂಪ್ಯೂಟರಿಗೆ ಇಳಿಸಿಕೊಂಡೆ, ಹಳೆಯ ಬಿಲ್ಲೆಯನ್ನು ಬಿಡಿಸಿ ಹೊಸದನ್ನು ಬೆಸೆದೆ, ಮತ್ತೆ ಸೇವನ್ನು ಮರಳಿ ಬರೆದೆ.

ಯಾವ ಟಿವಿಯಲ್ಲಿ ಆಡುತ್ತೀರಿ ಎಂಬುದೂ ಮುಖ್ಯ. ಹೊಸ ಚಪ್ಪಟೆ ಟಿವಿಗಳು ಈ ಯಂತ್ರದ 240 ಗೆರೆಗಳ ಸಂಕೇತವನ್ನು ಎಷ್ಟೋ ಸಲ ತಪ್ಪಾಗಿ ಗ್ರಹಿಸಿ, ಅಂಚುಗಳನ್ನು ಕಲಸಿ, ಗುಂಡಿ ಒತ್ತಿದ್ದಕ್ಕೂ ತೆರೆ ಸ್ಪಂದಿಸುವುದಕ್ಕೂ ನಡುವೆ ತುಸು ತಡ ಉಂಟುಮಾಡುತ್ತವೆ. ಯುದ್ಧದ ಹಿನ್ನೆಲೆಯಲ್ಲಿ ಗೆರೆಗೆರೆಯಾಗಿ ಅಲೆಯಾಡುವ ಬಣ್ಣಗಳು ಅಲ್ಲಿ ಬರಿಯ ಗಲೀಜಾಗಿ ಕಾಣುತ್ತವೆ. ನನ್ನ ಲೇಸರ್‌ಡಿಸ್ಕ್‌ಗಳಿಗಾಗಿ ಉಳಿಸಿಕೊಂಡಿದ್ದ ಹಳೆಯ ಪಿಕ್ಚರ್ ಟ್ಯೂಬ್ ಟಿವಿಯೇ ಇಲ್ಲೂ ಉಪಯೋಗಕ್ಕೆ ಬಂತು.

ಬರಿಯ ಆಟ ಬೇಕೆನ್ನುವವರಿಗೆ ಈ ಪೆಟ್ಟಿಗೆ ಬೇಕಿಲ್ಲ. 2013ರಲ್ಲಿ ನಿಂಟೆಂಡೊದ ವೀ ಯು ಯಂತ್ರಕ್ಕೂ (ಅದರ ಆನ್‌ಲೈನ್ ಮಾರಾಟ 2023ರಲ್ಲಿ ನಿಂತಿತು) 2022ರಲ್ಲಿ ನಿಂಟೆಂಡೊ ಸ್ವಿಚ್‌ನ ಚಂದಾ ಸೇವೆಗೂ ಇದೇ ಆಟ ಬಂದಿದೆ. ಪೆಟ್ಟಿಗೆಯನ್ನು ಕೊಳ್ಳುವವರಿಗೆ ನನ್ನ ಸಲಹೆ, ಮೂಲೆ ಜಜ್ಜಿದ್ದರೂ ಸರಿ, ಪುಸ್ತಕ ಪೂರ್ತಿಯಿರುವ, ಆಡಿ ಬಳಸಿದ ಪ್ರತಿಯನ್ನೇ ಆರಿಸಿಕೊಳ್ಳಿ ಎಂಬುದು. ಸೀಲ್ ಒಡೆಯದ ಪ್ರತಿಯನ್ನು ಪ್ಲಾಸ್ಟಿಕ್ ಕವಚದಲ್ಲಿ ಭದ್ರಪಡಿಸಿ, ಅದರ ಸ್ಥಿತಿಗೆ ಅಂಕ ಕೊಟ್ಟು ಮಾರುವ ರೂಢಿ ಕ್ಯಾಸೆಟ್ಟುಗಳಂತೆ ಇಲ್ಲಿಗೂ ಬಂದಿದೆ. ಒಳಗಿನ ಬ್ಯಾಟರಿ ಸತ್ತಿದೆಯೋ ಬದುಕಿದೆಯೋ ಎಂದು ನೋಡಲೂ ಆಗದ ವಸ್ತುವನ್ನು ಆಟವೆಂದು ಕರೆಯಲು ನನಗೆ ಮನಸ್ಸಿಲ್ಲ.

ಈ ಆಟದಲ್ಲಿ ಸೇವ್ ಮಾಡಬೇಕೆಂದರೆ ಹುಡುಗ ಫೋನಿನಲ್ಲಿ ತಂದೆಗೆ ಕರೆ ಮಾಡಬೇಕು. ಮುಖವನ್ನೆಂದೂ ತೋರಿಸದ ಆ ತಂದೆ ಖಾತೆಗೆ ಹಣ ಹಾಕಿದ ಸುದ್ದಿ ಹೇಳುತ್ತಾನೆ. ಬಹಳ ಹೊತ್ತು ಆಡುತ್ತಿದ್ದರೆ ತಾನಾಗಿಯೇ ಕರೆ ಮಾಡಿ ಸ್ವಲ್ಪ ವಿಶ್ರಾಂತಿ ತೆಗೆದುಕೋ ಎನ್ನುತ್ತಾನೆ. ನಿನ್ನೆ ಆ ಕರೆ ಬಂದಾಗ ನಾನು ಎರಡನೆಯ ಜಾಗದಲ್ಲಿ, ಲೆವೆಲ್ 23ರಲ್ಲಿದ್ದೆ. ಮೊದಲನೆಯ ಜಾಗವನ್ನು ಮುಟ್ಟಿಲ್ಲ.