ಅವೆನ್ಯೂ ರಸ್ತೆಯ ನುಡಿಗಟ್ಟು ಕೈಪಿಡಿಗಳು: ‘ಗಿವ್ ಇಟ್ ಎ ಶಾಟ್’ ತೆರೆದು ನೋಡಿ, ಆಮೇಲೆ ಕೊಳ್ಳಿ

ಹಳಬರ ಬಾಯಲ್ಲಿ ದೊಡ್ಡಪೇಟೆಯಾಗಿದ್ದ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಇಂಗ್ಲಿಷ್–ಕನ್ನಡ ನುಡಿಗಟ್ಟು ಕೈಪಿಡಿಗಳಿಗೆ ಬರವಿಲ್ಲ. ಎಡಕ್ಕೆ ಇಂಗ್ಲಿಷ್, ನಡುವೆ ಕನ್ನಡ ಲಿಪಿಯಲ್ಲಿ ಉಚ್ಚಾರ, ಬಲಕ್ಕೆ ಅರ್ಥ: ಹೆಚ್ಚಿನವುಗಳ ಕಟ್ಟು ಇದೇ. ಕಾಳು ಯಾವುದು, ಜೊಳ್ಳು ಯಾವುದು ಎಂದು ತಿಳಿಯಲು ಇಡೀ ಪುಸ್ತಕ ಓದಬೇಕಿಲ್ಲ. ಅಂಗಡಿ ಮುಂದೆ ನಿಂತೇ ‘ಗಿವ್ ಇಟ್ ಎ ಶಾಟ್’ ಹುಡುಕಿ.

ಅರ್ಥದ ಜಾಗದಲ್ಲಿ ಬರೀ ‘ಪ್ರಯತ್ನಿಸು’ ಎಂದಿದ್ದರೆ ವಾಪಸ್ ಇಡಿ. ಆದರೆ ಆಯಿತು, ಆಗದಿದ್ದರೆ ಹೆಚ್ಚೇನೂ ಕಳೆದುಕೊಳ್ಳುವುದಿಲ್ಲ ಎಂಬ ಹಗುರತನವೇ ಈ ಮಾತಿನ ಜೀವ. ‘ಒಂದು ಕೈ ನೋಡೋಣ’ ಎಂದು ಕೊಟ್ಟಿದ್ದರೆ ಬರೆದವರಿಗೆ ಎರಡೂ ಭಾಷೆ ಗೊತ್ತು. ‘ಹೋದ್ರೆ ಒಂದ್ ಕಲ್ಲು, ಬಿದ್ರೆ ಒಂದ್ ಹಣ್ಣು’ ಎಂದೂ ಸೇರಿಸಿದ್ದರೆ ಕಣ್ಣು ಮುಚ್ಚಿಕೊಂಡು ಖರೀದಿಸಿ, ಏಕೆಂದರೆ ‘ಶಾಟ್’ ಮತ್ತು ಈ ಗಾದೆ ಎರಡರ ಬೇರೂ ಗುರಿ ಇಟ್ಟು ಎಸೆಯುವುದರಲ್ಲೇ ಇದೆ. ಶಾಟ್ ಎಂದರೆ ಮೂಲದಲ್ಲಿ ಬಾಣ ಬಿಡುವುದು, ಗುಂಡು ಹಾರಿಸುವುದು. ಅದು ‘ಒಂದು ಪ್ರಯತ್ನ’ ಎಂಬ ಅರ್ಥಕ್ಕೆ ಹೊರಳಿದ್ದು 18ನೇ ಶತಮಾನದಲ್ಲಿ. 1756ರ ಬಳಕೆ ದಾಖಲಾಗಿದೆ.

ಮೂಲದ ವಿಷಯದಲ್ಲಿ ಒಂದು ಕಟ್ಟುಕಥೆ ಓಡಾಡುತ್ತಿದೆ: ಕಾಸಿಲ್ಲದ ಅಮೆರಿಕದ ಕೌಬಾಯ್ ಒಂದು ಗುಂಡು ಕೊಟ್ಟು ಒಂದು ಗುಟುಕು ವಿಸ್ಕಿ ಕುಡಿಯುತ್ತಿದ್ದನಂತೆ, ಶಾಟ್ ಬಂದಿದ್ದೇ ಅಲ್ಲಿಂದ ಅಂತೆ. ಕೈಪಿಡಿಯಲ್ಲಿ ಇದು ಕಂಡರೆ ಉಳಿದ ಪುಟಗಳನ್ನೂ ನಂಬಬೇಡಿ. ಕೌಬಾಯ್‌ಗಳ ಕಾಲ ಬರುವುದಕ್ಕೆ ನೂರು ವರ್ಷ ಮೊದಲೇ ‘ಪ್ರಯತ್ನ’ದ ಅರ್ಥ ಚಾಲ್ತಿಯಲ್ಲಿತ್ತು. ‘ಗಿವ್ ಇಟ್ ಎ ವ್ಹರ್ಲ್’, ‘ಗಿವ್ ಇಟ್ ಎ ಸ್ಟ್ಯಾಬ್’ ಎಂಬ ಸೋದರ ಮಾತುಗಳು ವಯಸ್ಸಿನಲ್ಲಿ ಚಿಕ್ಕವು: ‘ವ್ಹರ್ಲ್’ ಈ ಅರ್ಥದಲ್ಲಿ 1884ರಿಂದ, ‘ಸ್ಟ್ಯಾಬ್’ 1895ರಿಂದ, ಎರಡೂ ಅಮೆರಿಕದವು.

ಇನ್ನು ‘ಗಿವ್ ಇಟ್ ಯುವರ್ ಬೆಸ್ಟ್ ಶಾಟ್’. ಒಂದೇ ಪದ ಹೆಚ್ಚು, ತೂಕ ಪೂರ್ತಿ ಬೇರೆ: ಕೈಲಾದಷ್ಟೂ ಮಾಡು, ಏನನ್ನೂ ಉಳಿಸಿಕೊಳ್ಳಬೇಡ. ಎರಡಕ್ಕೂ ಒಂದೇ ಅರ್ಥ ಬರೆದ ಪುಸ್ತಕ ಇಂಟರ್‌ವ್ಯೂನಲ್ಲಿ ಕೈಕೊಡುತ್ತದೆ. ಜವಾಬ್ದಾರಿ ವಹಿಸಿದಾಗ ‘ಐ ವಿಲ್ ಗಿವ್ ಇಟ್ ಎ ಶಾಟ್’ ಅಂದರೆ ಎದುರಿನವರಿಗೆ ‘ನೋಡೋಣ ಬಿಡಿ’ ಅಂದ ಹಾಗೆ ಕೇಳಿಸುತ್ತದೆ. ಅರ್ಜಿ, ಕಚೇರಿ ಪತ್ರಗಳಲ್ಲಂತೂ ಬೇಡವೇ ಬೇಡ, ಇದು ಬಾಯಿಮಾತು.

ಉದಾಹರಣೆ ವಾಕ್ಯ ಇಲ್ಲದ ಕೈಪಿಡಿಯಿಂದ ಪ್ರಯೋಜನ ಕಡಿಮೆ, ಏಕೆಂದರೆ ತಪ್ಪಾಗುವುದು ಜೋಡಣೆಯಲ್ಲಿ. ‘ಇಟ್’ ಬಿಡುವ ಹಾಗಿಲ್ಲ. ಅದರ ಜಾಗದಲ್ಲಿ ಬೇಕಾದರೆ ‘ಯೋಗ’ ಹಾಕಬಹುದು: ‘ಗಿವ್ ಯೋಗ ಎ ಶಾಟ್’. ಅಲ್ಲಿ ಮನುಷ್ಯರನ್ನು ಕೂರಿಸಿದರೆ ಅರ್ಥವೇ ಬೇರೆಯಾಗುತ್ತದೆ. ‘ದ ನರ್ಸ್ ಗೇವ್ ಹಿಮ್ ಎ ಶಾಟ್’ ಅಂದರೆ ನರ್ಸ್ ಸೂಜಿ ಚುಚ್ಚಿದಳು ಎಂದು. ‘ಹ್ಯಾವ್’ ಬಳಸಿದರೆ ‘ಅಟ್’ ಬೇಕು: ‘ಹ್ಯಾವ್ ಎ ಶಾಟ್ ಅಟ್ ಇಟ್’.

ಉಚ್ಚಾರದ ಕಾಲಂ ಎಲ್ಲ ಕೈಪಿಡಿಗಳ ದುರ್ಬಲ ಜಾಗ. ಬ್ರಿಟಿಷ್ ಉಚ್ಚಾರದಲ್ಲಿ ‘ಶಾಟ್’ ಪದದ ಸ್ವರ ನಮ್ಮ ‘ಶಾ’ ಅಲ್ಲ, ‘ಶೊ’ ಕೂಡ ಅಲ್ಲ. ತುಟಿ ದುಂಡಗೆ ಮಾಡಿ ಚಿಕ್ಕದಾಗಿ ಹೇಳಬೇಕು. ಅದಕ್ಕೆ ನಮ್ಮ ಲಿಪಿಯಲ್ಲಿ ಬೇರೆ ಅಕ್ಷರವಿಲ್ಲ. ‘ಶಾಟ್’ ಎಂದು ಎಳೆದರೆ ‘ಶಾರ್ಟ್’ ಆಗಿಬಿಡುತ್ತದೆ; ಕರೆಂಟ್ ಹೋದಾಗ ‘ಶಾಟ್ ಸರ್ಕ್ಯೂಟ್’ ಅನ್ನುವ ಊರಿನಲ್ಲಿ ಈ ಗೊಂದಲ ಸಹಜ. ಫೋನಿನ ಡಿಕ್ಷನರಿಯಲ್ಲಿ ಒಮ್ಮೆ ಕೇಳಿಸಿಕೊಳ್ಳಿ, ಸಾಕು.

ಮೊದಲ ಪದದ ಪ್ರಕಾರ ಜೋಡಿಸಿದ ಪುಸ್ತಕಗಳಲ್ಲಿ ‘ಗಿವ್’ ಅಡಿಯಲ್ಲಿ ದೊಡ್ಡ ಗುಡ್ಡೆಯೇ ಇರುತ್ತದೆ. ‘ಶಾಟ್’ ಅಡಿಯಲ್ಲಿ ಕೊಟ್ಟಿರುವುದೇ ಲೇಸು: ‘ಲಾಂಗ್ ಶಾಟ್’, ‘ಶಾಟ್ ಇನ್ ದ ಡಾರ್ಕ್’ ಎಲ್ಲ ಒಟ್ಟಿಗೆ ಸಿಗುತ್ತವೆ. ಹಳೇ ಪ್ರತಿ ಕೊಳ್ಳುವುದಾದರೆ ಎಸ್ ಅಕ್ಷರದ ಹಾಳೆಗಳು ಪೂರ್ತಿ ಇವೆಯೇ ಎಂದು ದುಡ್ಡು ಕೊಡುವ ಮೊದಲೇ ತಿರುವಿ ನೋಡಿ. ಹೊಲಿಗೆ ಸಡಿಲವಾದಾಗ ಹಾಳೆಗಳು ಉದುರುತ್ತವೆ.