ಫೋನ್ ಕಂಪ್ಯೂಟರಿನಲ್ಲಿ ಕಾಣುತ್ತಿಲ್ಲ ಅಂತ ಅಂಗಡಿಗೆ ಕೊಡುವ ಮೊದಲು ಇದನ್ನೊಮ್ಮೆ ಓದಿ

ಕಾಸರಗೋಡು, ಕುಂಬಳೆ, ಬದಿಯಡ್ಕ ಕಡೆಯವರು ದಯವಿಟ್ಟು ಓದಿ. ಸ್ವಲ್ಪ ಉದ್ದ ಆಗಬಹುದು. ಸಿಟ್ಟು ಇನ್ನೂ ಇಳಿದಿಲ್ಲ. ಹೇಳಿದ್ದನ್ನೇ ಮತ್ತೆ ಹೇಳಿದರೆ ಸಹಿಸಿಕೊಳ್ಳಿ.

ವಿಷಯ ಇಷ್ಟೇ. ಫೋನನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಚಾರ್ಜ್ ಆಗುತ್ತಿತ್ತು, ಆದರೆ ಒಳಗಿನ ಫೋಟೊ, ವಿಡಿಯೊ ಕಾಣುತ್ತಿರಲಿಲ್ಲ. ಇಷ್ಟಕ್ಕೆ ನನ್ನ ಕೈಯಿಂದ 2400 ರೂಪಾಯಿ ಕಿತ್ತುಕೊಂಡರು. ಚೆನ್ನಾಗಿದ್ದ ಫೋನಿನ ಮೈಕ್ ಹಾಳಾಯಿತು. ತೊಂದರೆ ಇದ್ದದ್ದು ಫೋನಿನಲ್ಲಿ ಅಲ್ಲವೇ ಅಲ್ಲ. ಕೇಬಲಿನಲ್ಲಿ! ಹಲ್ಲುನೋವು ಅಂತ ಹೋದವಳ ಹೊಟ್ಟೆ ಕೊಯ್ದು ಕಳಿಸಿದ ಹಾಗಾಯಿತು.

ನಾನು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಉಪಜಿಲ್ಲಾ ಕಲೋತ್ಸವದಲ್ಲಿ ನಮ್ಮ ಮಕ್ಕಳು ಮಾಡಿದ ಯಕ್ಷಗಾನ ಪೂರ್ತಿ ನನ್ನ ಫೋನಿನಲ್ಲಿತ್ತು. ಅದನ್ನು ಕಂಪ್ಯೂಟರಿಗೆ ಹಾಕಿ, ಪೆನ್ ಡ್ರೈವಿನಲ್ಲಿ ಆ ಮಕ್ಕಳ ಮನೆಯವರಿಗೆಲ್ಲ ಕೊಡಬೇಕಿತ್ತು. ವಾಟ್ಸಾಪಿನಲ್ಲಿ ಕಳಿಸಿದರೆ ವಿಡಿಯೊ ಮಸುಕಾಗಿ ವೇಷದ ಬಣ್ಣವೆಲ್ಲ ಕಲಸಿಹೋಗುತ್ತದೆ. ಗೂಗಲ್ ಡ್ರೈವಿಗೆ ಹಾಕೋಣ ಅಂದರೆ ನಮ್ಮ ಮನೆ ಪೆರ್ಲದಿಂದ ಒಳಗೆ. ಅಲ್ಲಿ ರೇಂಜ್ ಬೇಕಾದರೆ ಗುಡ್ಡೆ ಹತ್ತಬೇಕು. ಅಷ್ಟು ದೊಡ್ಡ ಫೈಲ್ ಬೆಳಗಿನವರೆಗೂ ಏರುವುದಿಲ್ಲ. ಹಾಗಾಗಿ ಕೇಬಲೇ ಗತಿ.

ಫೋನಿನ ಜೊತೆ ಬಂದ ಕೇಬಲನ್ನು ಮಗ ಮಂಗಳೂರಿನ ಹಾಸ್ಟೆಲಿಗೆ ಒಯ್ದಿದ್ದಾನೆ. ಮನೆಯಲ್ಲಿ ಉಳಿದದ್ದು ನೆಕ್‌ಬ್ಯಾಂಡಿನ ಡಬ್ಬಿಯಲ್ಲಿ ಬಂದ ಒಂದು ಕೇಬಲ್. ಸಿ ಟೈಪ್, ಹೊಸತು, ನೋಡಲಿಕ್ಕೆ ಲಾಯಕ್ಕಾಗಿತ್ತು. ಅದನ್ನು ಸಿಕ್ಕಿಸಿದೆ. ಚಾರ್ಜ್ ಆಗುತ್ತದೆ, ಬೇರೇನೂ ಇಲ್ಲ. ಲ್ಯಾಪ್‌ಟಾಪಿನಲ್ಲಿ ಫೋನಿನ ಹೆಸರೇ ಬರುವುದಿಲ್ಲ. ಎರಡನ್ನೂ ಆಫ್ ಮಾಡಿ ಆನ್ ಮಾಡಿದೆ. ಇಲ್ಲ.

ಕಾಸರಗೋಡು ಹೊಸ ಬಸ್‌ಸ್ಟ್ಯಾಂಡಿನ ಆಸುಪಾಸಿನ ಒಂದು ಮೊಬೈಲ್ ರಿಪೇರಿ ಅಂಗಡಿಗೆ ಹೋದೆ. ಹೆಸರು ಹಾಕುವುದಿಲ್ಲ. ಸರಿಯಾದ ಬಿಲ್ಲೇ ಕೊಡದವರ ಹೆಸರು ಹಾಕಿದರೆ ಕೊನೆಗೆ ಸಿಕ್ಕಿಹಾಕಿಕೊಳ್ಳುವವಳು ನಾನೇ.

ಅಲ್ಲಿ ಕೂತಿದ್ದ ಯುವಕ ಬಹಳ ಮರ್ಯಾದೆಯವನು. "ಬನ್ನಿ ಟೀಚರೇ, ಕೂತ್ಕೊಳ್ಳಿ" ಅಂದ. ತನ್ನ ಕೇಬಲ್ ತೆಗೆದು ನನ್ನ ಫೋನನ್ನು ಅಂಗಡಿಯ ಕಂಪ್ಯೂಟರಿಗೆ ಸಿಕ್ಕಿಸಿದ. ಫೋನು ಟಿಂಗ್ ಅಂತು. ಸ್ಕ್ರೀನಿನ ಮೇಲ್ಗಡೆ ಏನೋ ಒಂದು ಸಾಲು ಇಳಿದು ಬಂತು. ಅವನು ಅದನ್ನು ಹೆಬ್ಬೆರಳಿನಲ್ಲಿ ಪಕ್ಕಕ್ಕೆ ತಳ್ಳಿದ. ನನ್ನ ಕಣ್ಣೆದುರಿಗೇ ತಳ್ಳಿದ. ಆಗ ನನಗದು ಏನಂತ ಗೊತ್ತಿಲ್ಲ. ಬ್ಯಾಂಕಿನವರದ್ದೋ ಮೊಬೈಲ್ ಕಂಪನಿಯದ್ದೋ ಮೆಸೇಜ್ ಇರಬೇಕು ಅಂದುಕೊಂಡೆ.

"ನೋಡಿ ಟೀಚರೇ, ಬರೀ ಚಾರ್ಜ್. ಡೇಟಾ ಲೈನ್ ಹೋಗಿದೆ."

"ಚಾರ್ಜ್ ಆಗ್ತದಲ್ಲ?"

"ಚಾರ್ಜಿನ ಲೈನ್ ಬೇರೆ, ಡೇಟಾದ ಲೈನ್ ಬೇರೆ. ಒಂದು ಹೋದ್ರೂ ಇನ್ನೊಂದು ನಡೀತದೆ. ಚಾರ್ಜಿಂಗ್ ಬೋರ್ಡ್ ಹೊಸತು ಹಾಕ್ಬೇಕು."

ಹೊಟ್ಟೆ ಉರಿಯುವುದು ಇದಕ್ಕೇ. ಅವನು ಹೇಳಿದ ಮೊದಲ ಮಾತು ಸುಳ್ಳಲ್ಲ. ಚಾರ್ಜಿನ ತಂತಿ ಬೇರೆ, ಡೇಟಾದ ತಂತಿ ಬೇರೆ, ಅದು ನಿಜ. ಆ ನಿಜವನ್ನೇ ಮುಂದಿಟ್ಟು ಸುಳ್ಳನ್ನು ಮಾರಿದ. ನನಗೆ ಇದೆಲ್ಲ ಗೊತ್ತಿರಲಿಲ್ಲ, ಹೌದು. ಗೊತ್ತಿಲ್ಲದ್ದಕ್ಕೇ ಅಲ್ವಾ ಗೊತ್ತಿರುವವರ ಹತ್ತಿರ ಹೋಗುವುದು?

"ಬೇರೆ ಕಡೆ 3500 ಹೇಳ್ತಾರೆ. ನೀವು ಟೀಚರ್ ಅಂತ 2400 ಹೇಳಿದ್ದು."

ಮತ್ತೆ ಲಾಕ್ ಕೇಳಿದ. "ಪ್ಯಾಟರ್ನ್ ಹೇಳಿ, ಟೆಸ್ಟ್ ಮಾಡ್ಲಿಕ್ಕೆ ಬೇಕು" ಅಂತ ಚೀಟಿಯಲ್ಲಿ ಚುಕ್ಕಿ ಹಾಕಿಸಿಕೊಂಡ. ನಮ್ಮ ಮಕ್ಕಳ ಫೋಟೊ, ಮನೆಯವರ ಫೋಟೊ, ಬ್ಯಾಂಕಿನ ಆ್ಯಪ್ ಎಲ್ಲ ಇರುವ ಫೋನು ಸಂಜೆವರೆಗೆ ಆ ಅಂಗಡಿಯ ಮೇಜಿನ ಮೇಲೆ ಬಿದ್ದಿತ್ತು. ಈಗ ನೆನೆದರೆ ಮೈ ಉರಿಯುತ್ತದೆ.

ಸಂಜೆ ಹೋದಾಗ ಅವನೇ ಸಿಕ್ಕಿಸಿ ತೋರಿಸಿದ. ಫೋನನ್ನು ತನ್ನ ಕಡೆ ತಿರುಗಿಸಿ ಏನೋ ಒತ್ತಿದ. ಕಂಪ್ಯೂಟರಿನಲ್ಲಿ ಫೋಲ್ಡರ್ ತೆರೆಯಿತು. ವಿಡಿಯೊ ಎಲ್ಲ ಕಾಣುತ್ತದೆ! ನನಗೆ ಖುಷಿಯೋ ಖುಷಿ. ದುಡ್ಡು ಕೊಟ್ಟು, ಮೇಲಿಂದ ಥ್ಯಾಂಕ್ಸ್ ಬೇರೆ ಹೇಳಿ ಬಂದೆ.

ಮನೆಗೆ ಬಂದು ಸಿಕ್ಕಿಸಿದರೆ ಮತ್ತೆ ಅದೇ. ಚಾರ್ಜ್ ಮಾತ್ರ.

ಫೋನ್ ಮಾಡಿದೆ. ಈಗ ಅವರ ಉತ್ತರಗಳನ್ನು ಕೇಳಿ.

"ಇಲ್ಲಿ ಬಂದದ್ದು ನೀವೇ ಕಣ್ಣಾರೆ ನೋಡಿದ್ದೀರಲ್ಲ ಟೀಚರೇ? ಹಾಗಾದ್ರೆ ಪ್ರಾಬ್ಲಂ ನಿಮ್ಮ ಲ್ಯಾಪ್‌ಟಾಪಿನದ್ದು. ಡ್ರೈವರ್ ಹೋಗಿರ್ತದೆ. ತನ್ನಿ, ವಿಂಡೋಸ್ ಹೊಸದಾಗಿ ಹಾಕುವ. 800 ಆಗ್ತದೆ."

ಡ್ರೈವರ್ ಅಂದರೆ ಫೋನನ್ನು ಗುರುತಿಸಲಿಕ್ಕೆ ಕಂಪ್ಯೂಟರಿಗೆ ಬೇಕಾದ ಸಾಫ್ಟ್‌ವೇರ್ ಅಂತೆ. ಲ್ಯಾಪ್‌ಟಾಪಿನಲ್ಲಿ ಪರೀಕ್ಷೆಯ ಪೇಪರ್ ಎಲ್ಲ ಉಂಟು, ಅದನ್ನು ಮುಟ್ಟುವುದು ಬೇಡ ಅಂದೆ.

"ಹಾಗಾದ್ರೆ ಫೋನನ್ನು ಒಮ್ಮೆ ಫ್ಲ್ಯಾಶ್ ಮಾಡುವ."

"ಒಳಗಿನ ವಿಡಿಯೊ?"

"ಎಲ್ಲ ವಾಪಸ್ ತೆಗೀಬಹುದು. ರಿಕವರಿ ಸಾಫ್ಟ್‌ವೇರ್ ಉಂಟು ನಮ್ಮಲ್ಲಿ."

ಈ ಮಾತಿನ ಬಗ್ಗೆ ಆಮೇಲೆ ವಿಚಾರಿಸಿ ತಿಳಿದುಕೊಂಡೆ. ಫ್ಲ್ಯಾಶ್ ಅಂದರೆ ಫೋನಿನ ಸಾಫ್ಟ್‌ವೇರನ್ನು ಹೊಸದಾಗಿ ತುಂಬುವುದು. ಹಾಗೆ ಮಾಡುವಾಗ ಸಾಮಾನ್ಯವಾಗಿ ಒಳಗಿನದ್ದೆಲ್ಲ ಅಳಿಸಿ ಫ್ಯಾಕ್ಟರಿ ರೀಸೆಟ್ ಕೂಡ ಆಗುತ್ತದೆ. ಈಗಿನ ಆಂಡ್ರಾಯ್ಡ್ ಫೋನುಗಳಲ್ಲಿ ಒಳಗಿನ ಫೈಲುಗಳೆಲ್ಲ ಎನ್‌ಕ್ರಿಪ್ಟ್ ಆಗಿರುತ್ತವೆ, ಅಂದರೆ ಬೀಗ ಹಾಕಿದ ಹಾಗೆ ಇರುತ್ತವೆ. ಫ್ಯಾಕ್ಟರಿ ರೀಸೆಟ್ ಮಾಡಿದರೆ ಅದನ್ನು ಬಿಡಿಸುವ ಕೀಲಿಯೇ ಅಳಿಸಿಹೋಗುತ್ತದೆ. ಮತ್ತೆ ಯಾವ ರಿಕವರಿ ಸಾಫ್ಟ್‌ವೇರ್ ಬಂದರೂ ಆ ವಿಡಿಯೊ ಎದ್ದು ಬರುವುದಿಲ್ಲ. ತಿಂಗಳುಗಟ್ಟಲೆ ತಾಳ ಹಾಕಿ, ಹೆಜ್ಜೆ ಕಲಿತು ಮಕ್ಕಳು ಮಾಡಿದ ಆಟ. ಅದನ್ನು ಅಳಿಸಿ ಮೇಲಿಂದ ದುಡ್ಡು ತೆಗೆದುಕೊಳ್ಳುವವರಿದ್ದರು! ನಾನು ಬೇಡ ಅಂದೆ, ವಿಡಿಯೊ ಉಳಿಯಿತು.

ಇನ್ನು ನಮ್ಮ ಶಾಲೆಯ ಕಥೆ. ಕೇರಳದ ಹೈಸ್ಕೂಲುಗಳಲ್ಲಿ 2018ರಿಂದ ಲಿಟಲ್ ಕೈಟ್ಸ್ ಅಂತ ಮಕ್ಕಳ ಐಟಿ ಕ್ಲಬ್ ಉಂಟಲ್ಲ, ಅದರಲ್ಲಿರುವ ಒಂಬತ್ತನೇ ಕ್ಲಾಸಿನ ಒಬ್ಬಳು ಹುಡುಗಿ ಲ್ಯಾಬಿನಲ್ಲಿದ್ದಳು. ಸುಮ್ನೆ ಅವಳ ಹತ್ತಿರ ಹೇಳಿದೆ. ಅವಳು ಲ್ಯಾಬಿನ ಕೇಬಲ್ ತೆಗೆದು ಶಾಲೆಯ ಲ್ಯಾಪ್‌ಟಾಪಿಗೆ ಸಿಕ್ಕಿಸಿದಳು. ಅದರಲ್ಲಿ ವಿಂಡೋಸ್ ಇಲ್ಲ, ಕೈಟ್ ಅಂದರೆ ಕೇರಳ ಸರಕಾರದ ಶಾಲಾ ಐಟಿ ಸಂಸ್ಥೆಯವರ ಲಿನಕ್ಸ್. ಫೋನು ಟಿಂಗ್ ಅಂತು. ಮೇಲಿನಿಂದ ಅದೇ ಸಾಲು ಇಳಿದು ಬಂತು. ಅದೇ ಸಾಲು! ಅವಳು ಅದನ್ನು ತಳ್ಳಲಿಲ್ಲ, ಒತ್ತಿದಳು. ಒಳಗೆ ಫೈಲ್ ಟ್ರಾನ್ಸ್‌ಫರ್ ಅಂತ ಇತ್ತು. ಅದನ್ನು ಒತ್ತಿದಳು. ಮುಗಿಯಿತು. ಫೋನು ತೆರೆದುಕೊಂಡಿತು.

"ಇದನ್ನು ಒತ್ತದಿದ್ರೆ ಯಾವ ಕಂಪ್ಯೂಟರಿನಲ್ಲೂ ಬರುವುದಿಲ್ಲ ಟೀಚರ್" ಅಂದಳು. ಅವಳಿಗೆ ಅದು ದೊಡ್ಡ ವಿಷಯವೇ ಅಲ್ಲ.

ನನಗೆ ಅಂಗಡಿಯವನ ಹೆಬ್ಬೆರಳು ನೆನಪಾಯಿತು. ದಿನಕ್ಕೆ ಎಷ್ಟು ಫೋನು ನೋಡುವವನು ಅವನು. ಆ ಸಾಲು ಏನಂತ ಅವನಿಗೆ ಗೊತ್ತಿಲ್ಲವಾ? ಬೆಳಿಗ್ಗೆ ತಳ್ಳಿದ್ದನ್ನು ಸಂಜೆ ತನ್ನ ಕಡೆ ತಿರುಗಿಸಿ ಒತ್ತಿದ. ಅಷ್ಟೇ ರಿಪೇರಿ. ಬೆಳಿಗ್ಗೆ ತಳ್ಳಿದ, ಸಂಜೆ ಒತ್ತಿದ. ಅದಕ್ಕೆ 2400.

2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದ ಹೀಗೇ ಅಂತೆ. ಸಿಕ್ಕಿಸಿದ ಕೂಡಲೇ ಫೋನು ಬರೀ ಚಾರ್ಜ್ ಮಾಡಿಕೊಳ್ಳುತ್ತದೆ. ನಾವು ಒಪ್ಪಿಗೆ ಕೊಟ್ಟರೆ ಮಾತ್ರ ಫೈಲ್ ತೋರಿಸುತ್ತದೆ. ಬಸ್‌ಸ್ಟ್ಯಾಂಡು, ರೈಲ್ವೆ ಸ್ಟೇಷನ್ನಿನಲ್ಲಿ ಎಲ್ಲೋ ಚಾರ್ಜಿಗೆ ಹಾಕಿದಾಗ ಯಾರೂ ನಮ್ಮ ಫೋಟೊ ಕದಿಯದಿರಲಿ ಅಂತ ಮಾಡಿದ ವ್ಯವಸ್ಥೆ. ನಮ್ಮನ್ನು ಕಾಯಲಿಕ್ಕೆ ಇಟ್ಟದ್ದನ್ನೇ ನಮಗೆ ಟೋಪಿ ಹಾಕಲಿಕ್ಕೆ ಬಳಸಿದರು.

ಹಾಗಾದರೆ ಮನೆಯಲ್ಲಿ ಆ ಸಾಲು ಯಾಕೆ ಬರಲೇ ಇಲ್ಲ? ಬ್ಯಾಗಿನಲ್ಲಿದ್ದ ನೆಕ್‌ಬ್ಯಾಂಡಿನ ಕೇಬಲ್ ಕೊಟ್ಟೆ. ಹುಡುಗಿ ಅದರಲ್ಲಿ ಸಿಕ್ಕಿಸಿದಳು. ಚಾರ್ಜ್ ಮಾತ್ರ, ಸಾಲೂ ಇಲ್ಲ, ಏನೂ ಇಲ್ಲ. "ಇದು ಚಾರ್ಜಿನ ಕೇಬಲ್ ಟೀಚರ್, ಇದರಲ್ಲಿ ಡೇಟಾ ಹೋಗುವುದಿಲ್ಲ" ಅಂದಳು. ಅಷ್ಟರಲ್ಲಿ ಫಿಸಿಕ್ಸ್ ಮಾಷ್ ಬಂದರು. ಬ್ಲೇಡ್ ತಂದು ಕೇಬಲಿನ ಸಿಪ್ಪೆ ಸೀಳಿಯೇ ಬಿಟ್ಟರು. ಒಳಗೆ ಎರಡೇ ತಂತಿ, ಕೆಂಪು ಮತ್ತು ಕಪ್ಪು. ಲ್ಯಾಬಿನಲ್ಲಿ ತುಂಡಾಗಿ ಬಿದ್ದಿದ್ದ ಒಂದು ಹಳೆ ಡೇಟಾ ಕೇಬಲನ್ನೂ ಸೀಳಿ ತೋರಿಸಿದರು. ಅದರಲ್ಲಿ ನಾಲ್ಕು. ಕೆಂಪು, ಕಪ್ಪು ಕರೆಂಟಿಗೆ. ಹಸಿರು, ಬಿಳಿ ಡೇಟಾಕ್ಕೆ. ಲೈಟು, ಫ್ಯಾನು, ನೆಕ್‌ಬ್ಯಾಂಡ್ ಇಂಥದ್ದರ ಜೊತೆ ಬರುವ ಸಣ್ಣ ಕೇಬಲುಗಳಲ್ಲಿ ಎಷ್ಟೋ ಸಲ ಹಸಿರು ಬಿಳಿ ಹಾಕಿಯೇ ಇರುವುದಿಲ್ಲವಂತೆ. ಹೊರಗಿನಿಂದ ನೋಡಿದರೆ ಒಂದಿಷ್ಟೂ ವ್ಯತ್ಯಾಸ ಇಲ್ಲ.

ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕರು. ಹೆಡ್‌ಮಾಷ್ ಕೂಡ. "2400ಕ್ಕೆ ಎಷ್ಟು ಕೇಬಲ್ ಬರ್ತಿತ್ತು ಟೀಚರೇ?" ಅಂತ ಈಗಲೂ ಕೇಳುತ್ತಾರೆ. ಕೇಳಲಿ.

ಲ್ಯಾಬಿನ ಕೇಬಲನ್ನು ಕೇಳಿ ಮನೆಗೆ ಒಯ್ದೆ. "ಡ್ರೈವರ್ ಹೋದ" ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಫೈಲ್ ಟ್ರಾನ್ಸ್‌ಫರ್ ಒತ್ತಿದೆ. ತೆರೆಯಿತು. ಮಾಮೂಲಿ ವಿಂಡೋಸ್ 10, 11ರಲ್ಲಿ ಇದಕ್ಕೆ ಬೇಕಾದ ಡ್ರೈವರ್ ಮೊದಲೇ ಇರುತ್ತದಂತೆ. ಆ 800 ಕೂಡ ಸುಳ್ಳೇ.

ಸೀಳಿದ ಕೇಬಲ್ ಹಿಡಿದುಕೊಂಡು ಅಂಗಡಿಗೆ ಹೋದೆ. ಮೊದಲಿನ ಮರ್ಯಾದೆ ಇರಲಿಲ್ಲ. ಕೂತ್ಕೊಳ್ಳಿ ಅನ್ನಲಿಲ್ಲ.

"ಹಾಗಾದ್ರೆ ಕೇಬಲೂ ಹೋಗಿತ್ತು, ಬೋರ್ಡೂ ಹೋಗಿತ್ತು. ಎರಡೂ ಹೋಗಬಾರದು ಅಂತ ಉಂಟಾ?"

"ಮತ್ತೆ ಆ ಮೆಸೇಜನ್ನು ತಳ್ಳಿದ್ದು ಯಾಕೆ?"

"ಯಾವ ಮೆಸೇಜ್?"

"ಹಳೆ ಬೋರ್ಡ್ ಕೊಡಿ."

"ಅದು ಕಸಕ್ಕೆ ಹೋಯ್ತು. ಅದನ್ನೆಲ್ಲ ಯಾರು ಇಟ್ಕೊಳ್ತಾರೆ?"

"ಬಿಲ್ಲಿನಲ್ಲಿ ಬೋರ್ಡ್ ಅಂತ ಯಾಕೆ ಬರೆದಿಲ್ಲ?"

ಬಿಲ್ ಅಂದರೆ ಒಂದು ತುಂಡು ಕಾಗದ. ಸರ್ವಿಸ್, 2400, ಅಷ್ಟೇ. ಅದಕ್ಕೆ ಉತ್ತರವೇ ಇಲ್ಲ. ಒಳಗಿನಿಂದ ಯಜಮಾನರು ಬಂದರು. ಅವರ ಮಾತು ಇನ್ನೂ ಚೆಂದ.

"ನೀವು ಕನೆಕ್ಟ್ ಆಗುವುದಿಲ್ಲ ಅಂತ ತಂದ್ರಿ. ಈಗ ಕನೆಕ್ಟ್ ಆಗ್ತದಲ್ಲ? ಮತ್ತೆಂತ ಬೇಕು?"

ಮತ್ತೆಂತ ಬೇಕು ಅಂದರೆ, ಮೈಕ್ ಬೇಕು. ರಿಪೇರಿ ಆದ ಮೇಲೆ ನಾನು ಫೋನಿನಲ್ಲಿ ಮಾತಾಡಿದರೆ ಆಚೆಯವರಿಗೆ ಬಾವಿಯ ಒಳಗಿನಿಂದ ಬಂದಂತೆ ಕೇಳುತ್ತದಂತೆ. ಫಾಸ್ಟ್ ಚಾರ್ಜ್ ಕೂಡ ನಿಂತುಹೋಯಿತು. ಎಷ್ಟೋ ಫೋನುಗಳಲ್ಲಿ ಚಾರ್ಜಿಂಗ್ ಪಿನ್ನು, ಕೆಳಗಿನ ಮೈಕು ಎರಡೂ ಒಂದೇ ಸಣ್ಣ ಬೋರ್ಡಿನ ಮೇಲೆ ಇರುತ್ತವೆ. ಒರಿಜಿನಲ್ ತೆಗೆದು ಅಗ್ಗದ ಕಾಪಿ ಹಾಕಿದರೆ ಎರಡೂ ಕೆಡಬಹುದು. ಅಂದರೆ ಬೋರ್ಡ್ ಬದಲಾಯಿಸಿದ್ದು ನಿಜವೇ ಇರಬಹುದು. ಒಳ್ಳೆಯದನ್ನು ತೆಗೆದು ಕೆಟ್ಟದ್ದನ್ನು ಹಾಕಿದರು. ಇದನ್ನು ಹೇಳಿದರೆ ಆ ಯುವಕ ಏನಂದ ಗೊತ್ತಾ?

"ನೀವು ಮೆಲ್ಲ ಮಾತಾಡ್ತೀರಿ ಟೀಚರೇ."

ನಾನು! ಒಂಬತ್ತನೇ ಕ್ಲಾಸಿನ ಕೊನೇ ಬೆಂಚಿಗೆ ಕೇಳುವ ಹಾಗೆ ಪಾಠ ಮಾಡುವವಳು ನಾನು. ಅಲ್ಲಿ ಇದ್ದ ಬೇರೆ ಗಿರಾಕಿಗಳೂ ನಕ್ಕರು. ಮುಖ ಎಲ್ಲಿಡಬೇಕು ಗೊತ್ತಾಗಲಿಲ್ಲ. ಹಾಗೇ ಇಳಿದು ಬಂದೆ.

ಆಮೇಲೆ ವಾಟ್ಸಾಪಿನಲ್ಲಿ ಎಲ್ಲವನ್ನೂ ಬರೆದು ಕಳಿಸಿದೆ. ನೀಲಿ ಟಿಕ್ ಬಂತು. ಬಹಳ ಹೊತ್ತಿನ ಮೇಲೆ ಕೈಮುಗಿದ ಒಂದು ಚಿತ್ರ ಬಂತು. ಅಷ್ಟೇ ಉತ್ತರ.

ನಿಮಗೂ ಹೀಗಾದರೆ ಮೊದಲು ಕೇಬಲ್ ಬದಲಾಯಿಸಿ. ಹಿಂದೆ ಫೈಲ್ ಕಾಪಿ ಮಾಡಿ ಗೊತ್ತಿರುವ ಕೇಬಲೇ ಆಗಬೇಕು. ಫೋನಿನ ಲಾಕ್ ತೆಗೆದು ಸಿಕ್ಕಿಸಿ, ಮೇಲಿನಿಂದ ಎಳೆದು ಫೈಲ್ ಟ್ರಾನ್ಸ್‌ಫರ್ ಒತ್ತಿ. ಐಫೋನಾದರೆ ಈ ಕಂಪ್ಯೂಟರನ್ನು ನಂಬಬಹುದಾ ಅಂತ ಕೇಳುತ್ತದೆ, ಹೌದು ಅನ್ನಿ. ದೊಡ್ಡ ಕಂಪ್ಯೂಟರಾದರೆ ಹಿಂದಿನ ಪೋರ್ಟಿಗೆ ಹಾಕಿ ನೋಡಿ. ಪಿನ್ನಿನ ಒಳಗೆ ಕಿಸೆಯ ಧೂಳು, ಹತ್ತಿ ಕೂತಿದ್ದರೂ ಸರಿಯಾಗಿ ಸಿಕ್ಕುವುದಿಲ್ಲ. ಫೋನ್ ಆಫ್ ಮಾಡಿ ಮರದ ಹಲ್ಲುಕಡ್ಡಿಯಲ್ಲಿ ಮೆಲ್ಲ ತೆಗೆಯಿರಿ. ಸೂಜಿ ಹಾಕಬೇಡಿ. ಇಷ್ಟೆಲ್ಲ ಮಾಡಿಯೂ ಬಾರದಿದ್ದರೆ ಮಾತ್ರ ಅಂಗಡಿ. ಅಲ್ಲಿಯೂ ಲಾಕ್ ಬರೆದುಕೊಡಬೇಡಿ, ಎದುರಿಗೇ ಕೂತು ಮಾಡಿಸಿ. ಸ್ಯಾಮ್‌ಸಂಗಿನ ಹೊಸ ಫೋನುಗಳಲ್ಲಿ ಮೇಂಟೆನೆನ್ಸ್ ಮೋಡ್ ಅಂತ ಉಂಟು, ಅದನ್ನು ಹಾಕಿದರೆ ನಿಮ್ಮ ಫೋಟೊ, ಮೆಸೇಜ್ ಅವರಿಗೆ ಕಾಣುವುದಿಲ್ಲ. ತೆಗೆದ ಬೋರ್ಡನ್ನು ಕೇಳಿ ತೆಗೆದುಕೊಳ್ಳಿ. ಬಿಲ್ಲಿನಲ್ಲಿ ಏನು ಹಾಕಿದ್ದು ಅಂತ ಬರೆಸಿ. ಎದುರಿಗೆ ಕೂತಿರುವವರು ಸ್ಕ್ರೀನಿನಲ್ಲಿ ಏನನ್ನು ತಳ್ಳುತ್ತಾರೆ ಅಂತ ಕಣ್ಣಿಟ್ಟು ನೋಡಿ!

ನಾನು 1915ಕ್ಕೆ, ಅಂದರೆ ಗ್ರಾಹಕರ ಹೆಲ್ಪ್‌ಲೈನಿಗೆ, ದೂರು ಕೊಟ್ಟಿದ್ದೇನೆ. ಅಲ್ಲಿ ಆಗದಿದ್ದರೆ ಕಾಸರಗೋಡಿನಲ್ಲೇ ಜಿಲ್ಲಾ ಗ್ರಾಹಕ ಆಯೋಗ ಉಂಟು. 5 ಲಕ್ಷದವರೆಗಿನ ವಿಷಯಕ್ಕೆ ಅಲ್ಲಿ ಫೀಸ್ ಇಲ್ಲ. 2400ಕ್ಕೆ ಯಾವ ಟೀಚರ್ ಅಲ್ಲಿವರೆಗೆ ಬರುತ್ತಾಳೆ ಅನ್ನುವುದು ಅವರ ಧೈರ್ಯ. ನೋಡೋಣ.

ಸದ್ಯಕ್ಕೆ ಮೈಕ್ ಸರಿ ಮಾಡಿಸಬೇಕು. ಒರಿಜಿನಲ್ ಬೋರ್ಡ್ ಹಾಕಿ, ಹಳೆಯದನ್ನು ಕೈಗೆ ಕೊಡುವವರು ಕಾಸರಗೋಡಿನಲ್ಲೋ ಪುತ್ತೂರಿನಲ್ಲೋ ಯಾರಾದರೂ ಗೊತ್ತಿದ್ದರೆ ಮೆಸೇಜ್ ಮಾಡಿ. ಫೋನ್ ಮಾಡಬೇಡಿ, ನಾನು ಮಾತಾಡಿದ್ದು ನಿಮಗೆ ಕೇಳುವುದಿಲ್ಲ.