ಆರು ವಾರ ಲಾಯದೊಳಗೆ: ಕುದುರೆಯ ಬೇಸರಕ್ಕೆ ನಾನು ಮಾಡಿ ನೋಡಿದ್ದು

ನನ್ನ ಕುದುರೆ ಚುಕ್ಕಿಯ ಮುಂಗಾಲಿನ ಟೆಂಡನ್ (ಸ್ನಾಯುವನ್ನು ಮೂಳೆಗೆ ಸೇರಿಸುವ ನಾರು) ಊದಿಕೊಂಡಿತ್ತು. ಆರು ವಾರ ಲಾಯದಿಂದ ಹೊರಗೆ ಬಿಡಬೇಡಿ ಎಂದರು ಡಾಕ್ಟರು. ಮೂರನೇ ದಿನಕ್ಕೆ ಅವಳು ಬಾಗಿಲ ಹತ್ತಿರ ನಿಂತು ಎಡಕ್ಕೆ ಬಲಕ್ಕೆ ತೂಗಾಡಲು ಶುರು ಮಾಡಿದಳು. ಪ್ರತಿ ಸಲ ತೂಗಿದಾಗಲೂ ಮೈಭಾರ ಆ ನೋವಿನ ಕಾಲಿನ ಮೇಲೆ ಬೀಳುತ್ತಿತ್ತು. ಬೇಸರ ಕಳೆಯದಿದ್ದರೆ ಕಾಲು ವಾಸಿಯಾಗೋದು ಕಷ್ಟ ಅಂತ ಅವತ್ತೇ ಅನಿಸಿತು.

ಮೊದಲು ತಂದದ್ದು ಚೆಂಡು. ಒಳಗೆ ಪೆಲೆಟ್, ಅಂದರೆ ಗುಳಿಗೆಯಂಥ ಮೇವು, ತುಂಬಿಟ್ಟರೆ, ಉರುಳಿಸಿದಾಗ ಒಂದೆರಡು ಉದುರುತ್ತವೆ. ಆದರೆ ದಪ್ಪ ಹಾಸಿನ ಮೇಲೆ ಅದು ಉರುಳಲೇ ಇಲ್ಲ, ಮೂಲೆಗೆ ಹೋಗಿ ಸಿಕ್ಕಿಕೊಂಡಿತು. ಏನೂ ಉದುರದೆ ಹೋದಾಗ ಚುಕ್ಕಿ ಸಿಟ್ಟಿನಿಂದ ಕಾಲು ಕೆರೆದಳು, ಅದೂ ನೋವಿನ ಕಾಲಲ್ಲೇ. ಮಾರನೇ ದಿನವೇ ಚೆಂಡು ತೆಗೆದಿಟ್ಟೆ. ಓಡಾಡಲು ಅಡ್ಡಿಯಿಲ್ಲದ ಕುದುರೆಗೆ, ಗಟ್ಟಿ ನೆಲದ ಮೇಲೆ, ಅದು ಒಳ್ಳೆಯ ಆಟವೇ.

ಚೆಂಡಿನ ಎದುರು, ಹುಲ್ಲು ತುಂಬಿ ತೂಗುಹಾಕುವ ಬಲೆಯನ್ನು ಇಟ್ಟರೆ ಹೋಲಿಕೆಯೇ ಇಲ್ಲ. ಬಯಲಿನಲ್ಲಿರುವ ಕುದುರೆ ದಿನದ 14ರಿಂದ 16 ಗಂಟೆ ಮೇಯುತ್ತಲೇ ಇರುತ್ತದೆ. ಅದು ತಿನ್ನಲಿ ಬಿಡಲಿ, ಹೊಟ್ಟೆಯಲ್ಲಿ ಆಸಿಡ್ ಸುರಿಯುತ್ತಲೇ ಇರುತ್ತದೆ. ಅಗಿಯುವಾಗ ಮಾತ್ರ ಜೊಲ್ಲು ಇಳಿದು ಆ ಆಸಿಡ್ಡನ್ನು ತಣಿಸುತ್ತದೆ. ಹಾಗಾಗಿ ಬಾಯಿಗೆ ಕೆಲಸ ಕೊಟ್ಟರೆ ಮನಸ್ಸಿಗೂ ಹೊಟ್ಟೆಗೂ ಒಟ್ಟಿಗೆ ಕೊಟ್ಟ ಹಾಗೆ. ನೆಲದ ಮೇಲೆ ಹಾಕಿದ ಹುಲ್ಲು ಒಂದೂವರೆ ಗಂಟೆಯಲ್ಲಿ ಖಾಲಿಯಾಗುತ್ತಿತ್ತು. ಅಷ್ಟೇ ಹುಲ್ಲು 3 ಸೆಂಟಿಮೀಟರ್ ಕಣ್ಣಿನ ಬಲೆಯಲ್ಲಿ ಮೂರು ಗಂಟೆ ಬಂತು. ಮೇಲ್ದುಟಿ ಉದ್ದ ಮಾಡಿ, ಒಂದು ಹುಲ್ಲುಕಡ್ಡಿಯನ್ನು ಬಲೆಯ ಕಣ್ಣಿನ ತುದಿಗೆ ತಂದು, ತಲೆ ಓರೆ ಮಾಡಿ ಎಳೆಯುತ್ತಿದ್ದಳು. ಎಷ್ಟು ಗಮನ ಅದರಲ್ಲಿ!

ಆಮೇಲೆ ಒಂದು ಬಲೆಯನ್ನು ಎರಡು ಮಾಡಿದೆ. ಎರಡು ಮೂಲೆ, ಎರಡು ಬಗೆಯ ಹುಲ್ಲು. ಇಲ್ಲಿ ನಾಲ್ಕು ಬಾಯಿ, ಅಲ್ಲಿ ನಾಲ್ಕು ಬಾಯಿ ಅಂತ ತಾನೇ ಆರಿಸಿಕೊಂಡು ತಿಂದಳು. ಒಂದು ಎಚ್ಚರಿಕೆ: ಖಾಲಿಯಾದ ಬಲೆ ಕೆಳಗೆ ಜೋತು ಬೀಳುತ್ತದೆ. ಆಗಲೂ ಗೊರಸು ಸಿಕ್ಕದಷ್ಟು ಎತ್ತರದಲ್ಲಿ ಕಟ್ಟಿ. ದಿನಾ ಲದ್ದಿಯನ್ನೂ ಎಣಿಸಿ. ನಿಂತಲ್ಲೇ ನಿಂತ ಕುದುರೆಗೆ ಕರುಳಿನ ಓಟ ನಿಧಾನವಾಗುತ್ತದೆ. ಸಾಮಾನ್ಯವಾಗಿ ದಿನಕ್ಕೆ 8ರಿಂದ 12 ಸಲ ಹಾಕುವ ಕುದುರೆ ಇದ್ದಕ್ಕಿದ್ದಂತೆ ಕಡಿಮೆ ಮಾಡಿ ಸುಮ್ನೆ ನಿಂತರೆ ಅದನ್ನು ಬೇಸರ ಅಂದುಕೊಳ್ಳಬೇಡಿ. ಹೊಟ್ಟೆನೋವಿರಬಹುದು, ಡಾಕ್ಟರಿಗೆ ಫೋನ್ ಮಾಡಿ.

ಸಿಹಿ ಲಿಕ್ (ಕುದುರೆ ನೆಕ್ಕಲೆಂದು ಇಡುವ ಸಿಹಿ ಗಟ್ಟಿ) ನನಗೆ ಇಷ್ಟವಾಗಲಿಲ್ಲ. ನೆಕ್ಕುವ ಬದಲು ಕಚ್ಚಿ ತಿಂದು ಒಂದೇ ಮಧ್ಯಾಹ್ನದಲ್ಲಿ ಮುಗಿಸಿದಳು. ಕೆಲಸವಿಲ್ಲದ ಕುದುರೆ ಅಂತ ಕಾಳು ಕಡಿಮೆ ಮಾಡಿರುತ್ತೇವೆ, ಅದರ ಮೇಲೆ ಸಕ್ಕರೆ ಯಾಕೆ? ಉಪ್ಪಿನ ಗಟ್ಟಿ ಮಾತ್ರ ಇರಲಿ. ರೇಡಿಯೋ ಹಾಕಿದರೂ ಬಿಟ್ಟರೂ ಅವಳಲ್ಲಿ ವ್ಯತ್ಯಾಸ ಕಾಣಲಿಲ್ಲ.

ನಾನು ನಿರೀಕ್ಷಿಸದೇ ಇದ್ದದ್ದು ಐದು ನಿಮಿಷದ ಪಾಠ. ಕೋಲಿನ ತುದಿಗೆ ಪ್ಲಾಸ್ಟಿಕ್ ಬಾಟಲಿ ಕಟ್ಟಿ, ಮೂಗಿನಿಂದ ಮುಟ್ಟಿದರೆ ಒಂದು ತುತ್ತು ಹುಲ್ಲು. ಆಮೇಲೆ ತಲೆ ತಗ್ಗಿಸುವುದು ಕಲಿಸಿದೆ. ಬ್ಯಾಂಡೇಜ್ ಬದಲಿಸುವಾಗ ಅದೇ ಉಪಯೋಗಕ್ಕೆ ಬಂತು. ಪಾಠ ಮುಗಿದ ಮೇಲೆ ಅಯಾಲು ಮುಗಿಯುವ ಕಡೆ, ಹೆಗಲಿನ ಉಬ್ಬಿನ ಹತ್ತಿರ ಚೆನ್ನಾಗಿ ಉಜ್ಜುತ್ತಿದ್ದೆ. ಕುದುರೆಗಳು ಒಂದನ್ನೊಂದು ಕೆರೆದುಕೊಳ್ಳುವ ಜಾಗ ಅದು. ಅಲ್ಲಿ ಉಜ್ಜಿದರೆ ಎದೆಬಡಿತವೂ ಇಳಿಯುತ್ತದೆ.

ಕನ್ನಡಿ, ನೆರೆಯ ಕುದುರೆ ಇವೆರಡರಲ್ಲಿ ಯಾವುದು ಮೇಲು ಅನ್ನೋದೇ ನಿಜವಾದ ಸ್ಪರ್ಧೆ. ತೂಗಾಟಕ್ಕೆ ಕನ್ನಡಿ ಉಪಕಾರಿ ಎಂದು 2002ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಗಾಜು ಬೇಡ, ಒಡೆಯದ ಅಕ್ರಿಲಿಕ್ ಆಗಬೇಕು. ಮೊದಲ ದಿನ ಚುಕ್ಕಿ ಕಿವಿ ಹಿಂದಕ್ಕೆ ಮಡಚಿ ಅದನ್ನು ದಿಟ್ಟಿಸಿದಳು, ಸಂಜೆಗೆ ಅದರ ಪಕ್ಕದಲ್ಲೇ ನಿಂತು ತೂಕಡಿಸಿದಳು. ತೂಗಾಟ ಕಡಿಮೆಯಾಯಿತು, ಮೇವಿನ ಹೊತ್ತಿಗೆ ಮಾತ್ರ ಮತ್ತೆ ಬರುತ್ತಿತ್ತು.

ಆಮೇಲೆ ವಯಸ್ಸಾದ ಒಂದು ಗಂಡು ಕುದುರೆಯನ್ನು ಪಕ್ಕದ ಲಾಯಕ್ಕೆ ತಂದೆವು. ನಡುವೆ ಸರಳಿನ ಕಿಟಕಿ. ಇಬ್ಬರೂ ಮೂಗಿಗೆ ಮೂಗು ತಾಗಿಸಿ ಉಸಿರು ಮೂಸಿದರು. ಅವತ್ತಿನಿಂದ ತೂಗಾಟ ಹೆಚ್ಚುಕಡಿಮೆ ನಿಂತೇ ಹೋಯಿತು. ಆದರೆ ಅವನನ್ನು ಮೇಯಲು ಬಿಟ್ಟ ತಕ್ಷಣ ಚುಕ್ಕಿ ಕೆನೆಯುತ್ತಾ ಗಿರಗಿರ ಸುತ್ತಿದಳು, ಕಾಲಿಗೆ ಅದು ತೂಗಾಟಕ್ಕಿಂತ ಕೆಟ್ಟದ್ದು. ಹಾಗಾಗಿ ಕನ್ನಡಿಯನ್ನು ತೆಗೆಯಲಿಲ್ಲ. ಅವನು ಹೊರಡುವ ಹತ್ತು ನಿಮಿಷ ಮೊದಲೇ ಹೊಸ ಬಲೆಯನ್ನು ಕನ್ನಡಿಯ ಪಕ್ಕಕ್ಕೆ ಕಟ್ಟುತ್ತಿದ್ದೆ. ಬಾಯಲ್ಲಿ ಹುಲ್ಲಿರುವಾಗ ಅವನು ಹೋದರೆ ಒಂದು ಸಲ ತಲೆ ಎತ್ತಿ ಬಾಗಿಲ ಕಡೆ ನೋಡಿ, ಮತ್ತೆ ಬಲೆಗೆ ಮೂತಿ ಹಾಕುತ್ತಿದ್ದಳು.